ತೂಬು ತೆರೆದ ಮೇಲೆ

ಶಾಲೆಯ ಹಳೆಯ ನೆನಪುಗಳನ್ನೇ ಬರೆಯುತ್ತಿದ್ದ ನನಗೆ ಮೊನ್ನೆ ದೂರವಾಣಿ ಮಾಡಿದ ಶಿಷ್ಯನೊಬ್ಬ, “ಸಾರ್, ಪಾಠವನ್ನೂ ಒಂದಿಷ್ಟು ಬರೆಯಿರಿ” ಎಂದ. ಬರೆಯೋಣ. ಆದರೆ ಹೊಸ ಪಾಠಕ್ಕೆ ಮೊದಲು ನಾನು ತಪ್ಪಾಗಿ ಹೇಳಿದ್ದ ಒಂದು ಪಾಠವನ್ನು ತಿದ್ದಬೇಕಾಗಿದೆ. ಸಾಲ ತೀರಿಸುವವನಿಗೆ ಹಳೆಯ ಬಾಕಿಯೇ ಮೊದಲಲ್ಲವೇ?

1988ರ ಮಳೆಗಾಲ. ಆಗ ನಾನು ಭದ್ರಾ ನಾಲೆಯ ಅಚ್ಚುಕಟ್ಟಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ನಾಲ್ಕೈದು ವರ್ಷಗಳಾಗಿದ್ದವು, ಅಷ್ಟೆ. ಪಠ್ಯಪುಸ್ತಕದಲ್ಲಿ ಇಲ್ಲದ್ದನ್ನೂ ಹೇಳಿಕೊಡಬೇಕೆಂಬ ಹುರುಪು. ಬಿ.ಎಸ್ಸಿ.ಯಲ್ಲಿ ಕಲಿತದ್ದನ್ನು ಮಕ್ಕಳ ಮುಂದೆ ಪ್ರದರ್ಶಿಸುವ ಚಪಲವೂ ಇತ್ತೆಂದು ಇಂದು ಒಪ್ಪಿಕೊಳ್ಳುತ್ತೇನೆ. ಒಂದು ಶನಿವಾರ ಹತ್ತನೆಯ ತರಗತಿಗೆ ವಂಶವಾಹಿಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ವಿವರಿಸಲು ಹೊರಟೆ. ಜೀವಕೋಶದ ಡಿ.ಎನ್.ಎ. ಒಂದು ಮೂಲ ದಸ್ತಾವೇಜು. ಅದರಲ್ಲಿ ಬೇಕಾದ ಪುಟವನ್ನಷ್ಟೇ ಆರ್.ಎನ್.ಎ. ಎಂಬ ಹಾಳೆಗೆ ನಕಲು ಮಾಡಿಕೊಂಡು ಜೀವಕೋಶವು ಪ್ರೋಟೀನನ್ನು ತಯಾರಿಸುತ್ತದೆ. ನಕಲು ಮಾಡುವ ಗುಮಾಸ್ತನ ಹೆಸರು ಆರ್.ಎನ್.ಎ. ಪಾಲಿಮರೇಸ್ ಎಂಬ ಕಿಣ್ವ. ಈ ನಕಲು ಕಾರ್ಯವನ್ನೇ ‘ಪ್ರತಿಲೇಖನ’ ಎನ್ನುತ್ತಾರೆ. ಇಷ್ಟು ಹೇಳಿ, ಯಾವ ವಂಶವಾಹಿ ಯಾವಾಗ ಕೆಲಸ ಮಾಡಬೇಕೆಂಬುದು ಹೇಗೆ ನಿರ್ಧಾರವಾಗುತ್ತದೆ ಎಂಬಲ್ಲಿಗೆ ಬಂದೆ. ಕಿಟಕಿಯಾಚೆ ನಾಲೆ ಕಾಣುತ್ತಿತ್ತು. ಉಪಮೆ ತಾನಾಗಿ ಬಾಯಿಗೆ ಬಂತು: “ವಂಶವಾಹಿಯ ಆರಂಭದಲ್ಲಿ ಒಂದು ತೂಬು ಇದೆ. ಅದನ್ನು ಮುಚ್ಚಿದರೆ ಕೆಲಸವಿಲ್ಲ. ತೆರೆದರೆ ನಾಲೆಯಲ್ಲಿ ನೀರು ಹೋದಂತೆ ನಕಲು ಕೊನೆಯವರೆಗೆ ಹೋಗಿಯೇ ಹೋಗುತ್ತದೆ.”

ಎರಡನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ನಾಲೆಯ ಕೊನೆಭಾಗದ ಊರಿನವಳು. “ಸಾರ್, ತೂಬು ತೆಗೆದ್ರೂ ನಮ್ಮೂರಿಗೆ ನೀರು ಬರೋದಿಲ್ಲವಲ್ಲ ಸಾರ್? ನಡುವೆಯೇ ನಿಲ್ಲಿಸಿಕೊಳ್ಳುತ್ತಾರೆ. ಹಾಗೆ ನಡುವೆ ನಿಲ್ಲೋದು ಅಲ್ಲಿಲ್ಲವಾ?”

ತರಗತಿ ಗೊಳ್ಳೆಂದು ನಕ್ಕಿತು. ನನಗೆ ಸಿಟ್ಟು ಬಂತು. “ನಿಮ್ಮೂರ ನೀರಿನ ಜಗಳ ಇಲ್ಲಿ ಬೇಡ. ಅಲ್ಲಿ ಹಾಗೆಲ್ಲ ಇಲ್ಲ, ಕೂತ್ಕೋ” ಎಂದೆ. ಅವಳು ಕುಳಿತಳು. ಆ ವರ್ಷವೆಲ್ಲ ಮತ್ತೆ ಪ್ರಶ್ನೆ ಕೇಳಿದ ನೆನಪಿಲ್ಲ.

ಅವಳು ಕೇಳಿದ್ದು ಸರಿ, ನಾನು ಹೇಳಿದ್ದು ತಪ್ಪು. ನಿವೃತ್ತನಾದ ಮೇಲೆ ತಂಗಿಯ ಮಗಳ ಎಂ.ಎಸ್ಸಿ. ಪುಸ್ತಕಗಳನ್ನು ಕಾಲಹರಣಕ್ಕೆಂದು ತಿರುವಿಹಾಕುತ್ತಿದ್ದಾಗ ಇದು ತಿಳಿಯಿತು. ಆ ಪುಸ್ತಕದ ಒಂದು ಅಧ್ಯಾಯವನ್ನು ಓದಿ ಮುಗಿಸಿದ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಅಲ್ಲಿಂದ ಹಿಡಿದು ಕೈಗೆ ಸಿಕ್ಕಿದ್ದನ್ನೆಲ್ಲ ಓದಿ ತಿಳಿದುಕೊಂಡ ಇತಿಹಾಸವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತೂಬಿನ ಉಪಮೆ ಪೂರ್ತಿ ಸುಳ್ಳೇನಲ್ಲ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾಂಸ್ವಾ ಜಾಕೋಬ್ ಮತ್ತು ಜಾಕ್ ಮೊನೋ ಅವರು 1961ರಲ್ಲಿ ಪ್ರಕಟಿಸಿದ ಸಿದ್ಧಾಂತವದು. ನಮ್ಮ ಕರುಳಿನಲ್ಲಿರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾಕ್ಕೆ ಹಾಲಿನ ಸಕ್ಕರೆ ದೊರೆತಾಗ ಮಾತ್ರ ಅದನ್ನು ಜೀರ್ಣಿಸುವ ಕಿಣ್ವಗಳು ತಯಾರಾಗುತ್ತವೆ. ಸಕ್ಕರೆ ಇಲ್ಲದಾಗ ಒಂದು ತಡೆಪ್ರೋಟೀನು ವಂಶವಾಹಿಗಳ ಆರಂಭದಲ್ಲಿ ಕುಳಿತು ದಾರಿಗೆ ಅಡ್ಡವಾಗುತ್ತದೆ. ಎಷ್ಟು ಸರಳ, ಎಷ್ಟು ಸುಂದರ! 1965ರಲ್ಲಿ ಅವರಿಬ್ಬರಿಗೂ ಅವರ ಹಿರಿಯ ಸಹೋದ್ಯೋಗಿ ಆಂದ್ರೆ ಲ್ವಾಫ್ ಅವರಿಗೂ ನೊಬೆಲ್ ಬಂತು. ಸುಂದರವಾದ ಸಿದ್ಧಾಂತಗಳಿಗೆ ಒಂದು ದೋಷವಿರುತ್ತದೆ. ಎಲ್ಲವೂ ಹೀಗೆಯೇ ಇರಬೇಕೆಂದು ಜನರು ನಂಬಿಬಿಡುತ್ತಾರೆ. ನಾನೂ ನಂಬಿದವರಲ್ಲಿ ಒಬ್ಬ.

ಪ್ರತಿಲೇಖನಕ್ಕೆ ಆರಂಭ, ದೀರ್ಘೀಕರಣ, ಮುಕ್ತಾಯ ಎಂಬ ಮೂರು ಘಟ್ಟಗಳು. ಆರಂಭದಲ್ಲಿ ಕಿಣ್ವವು ಡಿ.ಎನ್.ಎ. ಮೇಲೆ ಕುಳಿತು ಎಳೆಗಳನ್ನು ಬಿಡಿಸಿಕೊಳ್ಳುತ್ತದೆ. ದೀರ್ಘೀಕರಣದಲ್ಲಿ ಒಂದೊಂದೇ ಅಕ್ಷರವನ್ನು ಜೋಡಿಸುತ್ತ ಮುಂದೆ ಸಾಗುತ್ತದೆ. ಈ ನಡುವಿನ ಘಟ್ಟವನ್ನು ಬಹುಕಾಲ ಯಾರೂ ಗಂಭೀರವಾಗಿ ಗಮನಿಸಲಿಲ್ಲ. ಅದು ಬರಿಯ ಕೂಲಿ ಕೆಲಸ, ನಿರ್ಧಾರವೆಲ್ಲ ಬಾಗಿಲಿನಲ್ಲೇ ಮುಗಿದಿರುತ್ತದೆ ಎಂಬ ಭಾವನೆ. ನಡುದಾರಿಯಲ್ಲಿಯೂ ನಿರ್ಧಾರಗಳಾಗಬಹುದೆಂಬ ಮೊದಲ ಸುಳಿವು ಬ್ಯಾಕ್ಟೀರಿಯಾಗಳನ್ನು ಕಾಡುವ ವೈರಸ್‌ಗಳ ಅಧ್ಯಯನದಿಂದ ಬಂತು. 1969ರಲ್ಲಿ ಜೆಫ್ರಿ ರಾಬರ್ಟ್ಸ್ ಎಂಬವರು ‘ರೋ’ ಎಂಬ ಪ್ರೋಟೀನನ್ನು ಗುರುತಿಸಿದರು. ನಕಲು ಮಾಡುತ್ತ ಸಾಗುವ ಪಾಲಿಮರೇಸನ್ನು ಹಿಂದಿನಿಂದ ಹಿಡಿದು ನಿಲ್ಲಿಸುವುದೇ ಅದರ ಕೆಲಸ. ಲ್ಯಾಮ್ಡಾ ಎಂಬ ವೈರಸ್ಸಾದರೋ ಹೀಗೆ ನಿಲ್ಲದಂತೆ ನೋಡಿಕೊಳ್ಳಲು ತನ್ನದೇ ಆದ ಇನ್ನೊಂದು ಪ್ರೋಟೀನನ್ನು ಇಟ್ಟುಕೊಂಡಿದೆ. ಆದರೂ ಇದು ವೈರಸ್ಸಿನ ಕುತಂತ್ರವೆಂದು ಬದಿಗಿಡಬಹುದಿತ್ತು.

ಹಾಗೆ ಬದಿಗಿಡಲಾಗದಂತೆ ಮಾಡಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಯಾನೋಫ್‌ಸ್ಕಿ (1925–2018). ಈ ಮಹನೀಯರ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇವರ ಶೋಧವನ್ನು ಓದುವಾಗ ನನಗೆ ಒಳ್ಳೆಯ ಪತ್ತೇದಾರಿ ಕಾದಂಬರಿ ಓದಿದ ಸಂತೋಷವಾಯಿತು.

ಟ್ರಿಪ್ಟೊಫಾನ್ ಎಂಬುದೊಂದು ಅಮೈನೋ ಆಮ್ಲ. ಪ್ರೋಟೀನು ಕಟ್ಟಲು ಬೇಕಾದ ಇಟ್ಟಿಗೆ. ಹೊರಗಿನಿಂದ ದೊರೆಯದಿದ್ದಾಗ ಇ. ಕೋಲೈ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದ ಐದು ವಂಶವಾಹಿಗಳು ಒಂದೇ ಸಾಲಿನಲ್ಲಿವೆ, ಅವುಗಳ ಆರಂಭದಲ್ಲಿ ಜಾಕೋಬ್–ಮೊನೋ ಹೇಳಿದಂತೆಯೇ ಒಂದು ತೂಬೂ ಇದೆ. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ 1973ರಲ್ಲಿ ಯಾನೋಫ್‌ಸ್ಕಿ ಮತ್ತು ಎಥೆಲ್ ಜಾಕ್ಸನ್ ಒಂದು ವಿಚಿತ್ರವನ್ನು ವರದಿ ಮಾಡಿದರು. ತೂಬಿಗೂ ಮೊದಲನೆಯ ವಂಶವಾಹಿಗೂ ನಡುವೆ ಇರುವ ಒಂದು ತುಂಡನ್ನು ಕತ್ತರಿಸಿ ತೆಗೆದರೆ ಕಿಣ್ವಗಳ ತಯಾರಿ ಕಡಿಮೆಯಾಗುವ ಬದಲು ಹೆಚ್ಚಾಗುತ್ತಿತ್ತು! ಅಂದರೆ ಆ ನಡುವಿನ ತುಂಡಿನಲ್ಲಿ ಏನೋ ಒಂದು ಅಡ್ಡಗಟ್ಟೆ ಇರಲೇಬೇಕು.

ಮುಂದಿನ ವರ್ಷಗಳಲ್ಲಿ ಆ ತುಂಡಿನ ಅಕ್ಷರಗಳನ್ನೆಲ್ಲ ಓದಿದಾಗ ಗುಟ್ಟು ಹೊರಬಂತು. ಮೊದಲನೆಯ ವಂಶವಾಹಿಗೆ ಮುಂಚೆ 162 ಅಕ್ಷರಗಳಷ್ಟು ಉದ್ದದ ಆರ್.ಎನ್.ಎ. ಪೀಠಿಕೆಯಿದೆ. ಅದರಲ್ಲಿ ಕೇವಲ 14 ಅಮೈನೋ ಆಮ್ಲಗಳ ಒಂದು ಪುಟ್ಟ ಪ್ರೋಟೀನಿನ ಬರಹವಿದೆ. ಸ್ವತಃ ಕಿಣ್ವವಾಗಿ ದುಡಿಯುವ ಪ್ರೋಟೀನು ಅದಲ್ಲ. ಆದರೆ ಅದರಲ್ಲಿ ಟ್ರಿಪ್ಟೊಫಾನ್ ಎರಡು ಸಲ ಒಂದರ ಪಕ್ಕ ಒಂದು ಬರುತ್ತದೆ. ಟ್ರಿಪ್ಟೊಫಾನ್ ಅಪರೂಪದ ಇಟ್ಟಿಗೆ. ಹಾಗಿರುವಾಗ 14ರಲ್ಲಿ ಎರಡು, ಅದೂ ಜೋಡಿಯಾಗಿ!

ಬ್ಯಾಕ್ಟೀರಿಯಾದಲ್ಲಿ ಕೋಶಕೇಂದ್ರವಿಲ್ಲ. ಆದುದರಿಂದ ಪಾಲಿಮರೇಸು ಆರ್.ಎನ್.ಎ.ಯನ್ನು ಬರೆಯುತ್ತಿರುವಾಗಲೇ, ಬರೆದಷ್ಟನ್ನು ಓದಿ ಪ್ರೋಟೀನು ಕಟ್ಟುವ ರೈಬೋಸೋಮು ಬೆನ್ನ ಹಿಂದೆಯೇ ಬರುತ್ತದೆ. ಮುಂದೆ ನೇಗಿಲು, ಹಿಂದೆ ಬೀಜ ಬಿಡುವವರು ಎಂದಿಟ್ಟುಕೊಳ್ಳಿ. ಕೋಶದಲ್ಲಿ ಟ್ರಿಪ್ಟೊಫಾನ್ ಯಥೇಚ್ಛವಾಗಿದ್ದರೆ ರೈಬೋಸೋಮು ಆ ಜೋಡಿ ಅಕ್ಷರಗಳನ್ನು ಸಲೀಸಾಗಿ ದಾಟುತ್ತದೆ. ಆಗ ಮುಂದಿನ ಆರ್.ಎನ್.ಎ. ಮಡಚಿಕೊಂಡು ಹೆಂಗಸರ ಮುಡಿಪಿನ್ನಿನ ಆಕಾರವನ್ನು ತಾಳುತ್ತದೆ. ಈ ಮಡಿಕೆ ಪಾಲಿಮರೇಸನ್ನು ಡಿ.ಎನ್.ಎ.ಯಿಂದ ಕಳಚಿಬಿಡುತ್ತದೆ. ಸುಮಾರು 140 ಅಕ್ಷರಗಳಾಗುವಷ್ಟರಲ್ಲಿ ನಕಲು ನಿಂತುಹೋಯಿತು. ಟ್ರಿಪ್ಟೊಫಾನ್ ಕೊರತೆಯಿದ್ದರೋ ರೈಬೋಸೋಮು ಆ ಜೋಡಿಯ ಬಳಿ ಇಟ್ಟಿಗೆಗಾಗಿ ಕಾಯುತ್ತ ನಿಂತುಬಿಡುತ್ತದೆ. ಅದು ನಿಂತ ಜಾಗದಿಂದಾಗಿ ಆರ್.ಎನ್.ಎ. ಬೇರೊಂದು ರೀತಿಯಲ್ಲಿ ಮಡಚಿಕೊಳ್ಳುತ್ತದೆ, ಕಳಚುವ ಮಡಿಕೆ ಉಂಟಾಗುವುದೇ ಇಲ್ಲ. ಪಾಲಿಮರೇಸು ಮುಂದೆ ಸಾಗುತ್ತದೆ, ಐದೂ ವಂಶವಾಹಿಗಳು ನಕಲಾಗುತ್ತವೆ, ಟ್ರಿಪ್ಟೊಫಾನ್ ತಯಾರಾಗುತ್ತದೆ. ರೈಬೋಸೋಮು ಹಿಂದೆ ಬಿದ್ದರೆ ಲೆಕ್ಕ ತಪ್ಪೀತೆಂದು ಪಾಲಿಮರೇಸು ನಡುವೆ ಒಂದು ಕ್ಷಣ ನಿಂತು ಅದು ಬಂದು ಸೇರುವುದನ್ನು ಕಾಯುತ್ತದೆಯಂತೆ! ಹಿಸ್ಟಿಡಿನ್ ಎಂಬ ಇನ್ನೊಂದು ಅಮೈನೋ ಆಮ್ಲದ ವಂಶವಾಹಿಗಳ ಪೀಠಿಕೆಯಲ್ಲಿ ಹಿಸ್ಟಿಡಿನ್ ಏಳು ಸಲ ಸಾಲಾಗಿ ಬರುತ್ತದೆ ಎಂಬುದು 1978ರಲ್ಲಿ ತಿಳಿದಾಗ ಇದು ಒಂದೆರಡು ಕಡೆಯ ಆಕಸ್ಮಿಕವಲ್ಲವೆಂಬುದು ಖಚಿತವಾಯಿತು.

ಇಸವಿಯನ್ನು ಗಮನಿಸಿದಿರಾ? ನಾನು “ಅಲ್ಲಿ ಹಾಗೆಲ್ಲ ಇಲ್ಲ” ಎಂದು ಗದರಿಸಿದ್ದು ಇದಾಗಿ ಹತ್ತು ವರ್ಷಗಳ ಮೇಲೆ. ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ಇಂಥ ಪುಸ್ತಕಗಳು ಇರಲಿಲ್ಲವೆಂಬುದು ನಿಜ. ಆದರೆ “ನನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ” ಎನ್ನಲು ಗ್ರಂಥಾಲಯ ಬೇಕಿರಲಿಲ್ಲ.

ಇನ್ನು ನಮ್ಮಂಥ, ಅಂದರೆ ಕೋಶಕೇಂದ್ರವುಳ್ಳ ಜೀವಿಗಳ ಕಥೆ. ನಮ್ಮ ಜೀವಕೋಶಗಳಲ್ಲಿ ನಕಲು ಕೋಶಕೇಂದ್ರದ ಒಳಗೆ, ಪ್ರೋಟೀನು ಕಟ್ಟುವುದು ಹೊರಗೆ. ಆದುದರಿಂದ ಯಾನೋಫ್‌ಸ್ಕಿಯವರ ಯುಕ್ತಿ ನಮ್ಮಲ್ಲಿ ನಡೆಯದು. ಹಾಗೆಂದು ನಡುದಾರಿಯ ನಿಯಂತ್ರಣ ಇಲ್ಲವೇ? 1970ರ ದಶಕದಲ್ಲಿಯೇ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಇಗೋರ್ ಟಾಮ್, ಜೇಮ್ಸ್ ಡಾರ್ನೆಲ್, ಸೆಹಗಲ್ ಮೊದಲಾದವರು ಡಿ.ಆರ್.ಬಿ. ಎಂಬ ರಾಸಾಯನಿಕವನ್ನು ಮಾನವ ಜೀವಕೋಶಗಳಿಗೆ ಹಾಕಿ ನೋಡಿದ್ದರು. ಉದ್ದನೆಯ ಆರ್.ಎನ್.ಎ.ಗಳು ನಿಂತುಹೋದವು, ಆದರೆ ಚಿಕ್ಕ ಚಿಕ್ಕ ತುಂಡುಗಳು ತಯಾರಾಗುತ್ತಲೇ ಇದ್ದವು. ಅಂದರೆ ತೂಬು ತೆರೆದೇ ಇದೆ, ನೀರು ಮಾತ್ರ ನಾಲ್ಕು ಮಾರು ಹೋಗಿ ನಿಲ್ಲುತ್ತಿದೆ. ಇದರ ಅರ್ಥ ಪೂರ್ತಿಯಾಗಿ ತಿಳಿಯಲು ಮತ್ತೆ ಇಪ್ಪತ್ತು ವರ್ಷ ಬೇಕಾಯಿತು.

ಅಷ್ಟರಲ್ಲಿ ಹಣ್ಣುನೊಣ ರಂಗಕ್ಕೆ ಬಂತು. ಬಾಳೆಹಣ್ಣು ಕೊಳೆತಾಗ ಮುತ್ತುವ ಆ ಪುಟ್ಟ ನೊಣವೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅದರ ತಳಿಗಳ ಸಂಗ್ರಹ ಕೇಂದ್ರವೇ ಇದೆ, ಆ ಕಡೆ ಹೋದವರು ಕೇಳಿ ನೋಡಿ. 1960ರ ದಶಕದ ಆರಂಭದಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ ಫೆರೂಚ್ಚೋ ರಿಟೋಸ್ಸಾ ಎಂಬ ತರುಣ ವಿಜ್ಞಾನಿ ಈ ನೊಣದ ಮರಿಹುಳುಗಳ ವರ್ಣತಂತುಗಳನ್ನು ನೋಡುತ್ತಿದ್ದರು. ಒಮ್ಮೆ ಅವರ ಅರಿವಿಲ್ಲದೆ ಯಾರೋ ಕಾವುಪೆಟ್ಟಿಗೆಯ ಉಷ್ಣತೆಯನ್ನು ಏರಿಸಿಬಿಟ್ಟಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವರ್ಣತಂತುಗಳ ಮೇಲೆ ಎಂದೂ ಇಲ್ಲದ ಜಾಗಗಳಲ್ಲಿ ಉಬ್ಬುಗಳು! ಉಬ್ಬು ಎಂದರೆ ಅಲ್ಲಿ ಆರ್.ಎನ್.ಎ. ರಭಸದಿಂದ ತಯಾರಾಗುತ್ತಿದೆ ಎಂದರ್ಥ. ಹೀಗೆ ಬಿಸಿ ತಗುಲಿದಾಗ ಎಚ್ಚೆತ್ತು ಜೀವಕೋಶವನ್ನು ಕಾಪಾಡುವ ವಂಶವಾಹಿಗಳ ಸುಳಿವು ಸಿಕ್ಕಿತು. ಮೊದಲು ಕಳುಹಿಸಿದ ಪತ್ರಿಕೆಯೊಂದು ಇದಕ್ಕೆ ಮಹತ್ವವಿಲ್ಲವೆಂದು ಹಿಂತಿರುಗಿಸಿತಂತೆ. 1962ರಲ್ಲಿ ಬೇರೊಂದರಲ್ಲಿ ಪ್ರಕಟವಾಯಿತು. ಎದ್ದು ನಿಂತವರನ್ನು “ಕೂತ್ಕೋ” ಎನ್ನುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆಂದು ಓದಿ ಸ್ವಲ್ಪ ಸಮಾಧಾನಪಟ್ಟುಕೊಂಡೆ. ಅದು ಸಮಾಧಾನಪಡುವ ವಿಷಯವಲ್ಲ, ಇರಲಿ.

ಬಿಸಿ ತಗುಲಿದ ಕೆಲವೇ ನಿಮಿಷಗಳಲ್ಲಿ ಈ ವಂಶವಾಹಿಗಳು ಭರದಿಂದ ಕೆಲಸ ಮಾಡತೊಡಗುತ್ತವೆ. ಇಷ್ಟು ಬೇಗ ಹೇಗೆ ಸಾಧ್ಯ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಲಿಸ್ ಮತ್ತು ಡೇವಿಡ್ ಗಿಲ್ಮೋರ್ ಒಂದು ಉಪಾಯ ಹೂಡಿದರು. ಜೀವಂತ ಕೋಶಗಳ ಮೇಲೆ ಅತಿನೇರಳೆ ಕಿರಣವನ್ನು ಹಾಯಿಸಿದರೆ ಆ ಕ್ಷಣದಲ್ಲಿ ಡಿ.ಎನ್.ಎ.ಗೆ ತಗುಲಿಕೊಂಡಿರುವ ಪ್ರೋಟೀನುಗಳು ಅಲ್ಲಲ್ಲೇ ಅಂಟಿಕೊಳ್ಳುತ್ತವೆ. ಆಮೇಲೆ ಯಾರು ಎಲ್ಲಿದ್ದರೆಂದು ಹಾಜರಿ ತೆಗೆದುಕೊಳ್ಳಬಹುದು. ಬಿಸಿ ತಗುಲದ, ಅಂದರೆ ಆ ವಂಶವಾಹಿ ಮಲಗಿರಬೇಕಾದ ಕೋಶಗಳಲ್ಲಿಯೂ ಅದರ ಆರಂಭದಲ್ಲಿ ಪಾಲಿಮರೇಸು ಹಾಜರಿತ್ತು! 1986ರಲ್ಲಿ ಇದನ್ನು ಪ್ರಕಟಿಸಿದರು. ಬಂದು ಸುಮ್ಮನೆ ಕುಳಿತಿದೆಯೋ, ಕೆಲಸ ಶುರುಮಾಡಿ ನಿಂತಿದೆಯೋ? ಆನ್ ರೂಗ್ವಿ ಮತ್ತು ಲಿಸ್ ಅದನ್ನೂ ಪರೀಕ್ಷಿಸಿದರು. ಪಾಲಿಮರೇಸು ಆಗಲೇ ಸುಮಾರು 25 ಅಕ್ಷರಗಳನ್ನು ಬರೆದು ಲೇಖನಿ ಹಿಡಿದುಕೊಂಡೇ ನಿಂತಿತ್ತು. ನಿಲ್ದಾಣದಿಂದ ಹೊರಟ ಬಸ್ಸು ಗೇಟಿನ ಬಳಿ ಎಂಜಿನ್ ಆರಿಸದೆ ಕಂಡಕ್ಟರನ ಸೀಟಿಗಾಗಿ ಕಾಯುವಂತೆ. ಬಿಸಿ ತಗುಲಿದೊಡನೆ ಸೀಟಿ ಬೀಳುತ್ತದೆ.

ಈ ಎರಡನೆಯ ಪ್ರಬಂಧ ಪ್ರಕಟವಾದದ್ದು 1988ರಲ್ಲಿ. ನಾನು ಆ ಹುಡುಗಿಯನ್ನು ಕೂರಿಸಿದ ಅದೇ ವರ್ಷ.

ಸೀಟಿ ಊದುವವರು ಯಾರೆಂಬುದು 1990ರ ದಶಕದಲ್ಲಿ ತಿಳಿಯಿತು. ಐಯೋವಾ ವಿಶ್ವವಿದ್ಯಾಲಯದ ಡೇವಿಡ್ ಪ್ರೈಸ್ ಅವರು ಹಣ್ಣುನೊಣದ ಕೋಶಗಳಿಂದ ಪಿ-ಟೆಫ್-ಬಿ ಎಂಬ ಅಂಶವನ್ನು ಬೇರ್ಪಡಿಸಿ 1995ರಲ್ಲಿ ವರದಿ ಮಾಡಿದರು. ಹಳೆಯ ಡಿ.ಆರ್.ಬಿ. ರಾಸಾಯನಿಕವು ಕಟ್ಟಿಹಾಕುತ್ತಿದ್ದದ್ದು ಇದನ್ನೇ. ಜಪಾನಿನಲ್ಲಿ ಹಿರೋಶಿ ಹಾಂಡಾ ಅವರ ತಂಡವು ತಡೆಹಿಡಿಯುವ ಎರಡು ಪ್ರೋಟೀನು ಗುಂಪುಗಳನ್ನು 1998 ಮತ್ತು 1999ರಲ್ಲಿ ಕಂಡುಹಿಡಿಯಿತು. ಅವುಗಳ ಹೆಸರು ಡಿಸಿಫ್ ಮತ್ತು ನೆಲ್ಫ್. ಇವೆರಡೂ ಸೇರಿ ಪಾಲಿಮರೇಸನ್ನು ಹಿಡಿದು ನಿಲ್ಲಿಸುತ್ತವೆ. ಪಿ-ಟೆಫ್-ಬಿ ಬಂದು ಇವುಗಳ ಮೇಲೂ ಪಾಲಿಮರೇಸಿನ ಬಾಲದ ಮೇಲೂ ಫಾಸ್ಫೇಟ್ ಎಂಬ ಮುದ್ರೆಗಳನ್ನು ಒತ್ತುತ್ತದೆ. ಆಗ ನೆಲ್ಫ್ ಕಳಚಿಕೊಳ್ಳುತ್ತದೆ. ಡಿಸಿಫ್ ಮಾತ್ರ ಪಕ್ಷ ಬದಲಿಸಿ, ತಡೆಯುತ್ತಿದ್ದುದೇ ಮುಂದೆ ಸಾಗಲು ನೆರವಾಗುತ್ತದೆ. ಇಷ್ಟು ಪ್ರಬಲವಾದ ಪಿ-ಟೆಫ್-ಬಿಯನ್ನು ಸುಮ್ಮನೆ ಬಿಡಲಾದೀತೇ? ಅದನ್ನು ಹಿಡಿದಿಡಲು 7ಎಸ್‌ಕೆ ಎಂಬ ಇನ್ನೊಂದು ಪುಟ್ಟ ಆರ್.ಎನ್.ಎ. ಇದೆಯೆಂದು 2001ರಲ್ಲಿ ಎರಡು ತಂಡಗಳು ತೋರಿಸಿದವು.

ಇದೆಲ್ಲ ಪಂಡಿತರ ಕಸರತ್ತು ಎನ್ನಬೇಡಿ. ಏಡ್ಸ್ ಕಾಯಿಲೆಯ ಎಚ್.ಐ.ವಿ. ವೈರಸ್ಸು ನಮ್ಮ ಡಿ.ಎನ್.ಎ.ಯೊಳಗೆ ಸೇರಿಕೊಂಡ ಮೇಲೆ ಅದರ ನಕಲೂ ಹೀಗೆಯೇ ಆರಂಭದಲ್ಲಿ ನಿಂತುಬಿಡುತ್ತದೆ. ಅದಕ್ಕಾಗಿ ವೈರಸ್ಸು ಟ್ಯಾಟ್ ಎಂಬ ಪ್ರೋಟೀನನ್ನು ಇಟ್ಟುಕೊಂಡಿದೆ. ನಮ್ಮದೇ ಪಿ-ಟೆಫ್-ಬಿಯನ್ನು ಎಳೆದು ತಂದು ತನ್ನ ಬಸ್ಸಿಗೆ ಸೀಟಿ ಊದಿಸಿಕೊಳ್ಳುವುದು ಟ್ಯಾಟ್‌ನ ಕೆಲಸ. ಕ್ಯಾನ್ಸರಿಗೆ ಸಂಬಂಧಿಸಿದ ಮಿಕ್ ಎಂಬ ವಂಶವಾಹಿಯನ್ನು ಕೋಶಗಳು ತಗ್ಗಿಸುವುದು ಬಹುಮಟ್ಟಿಗೆ ನಡುದಾರಿಯಲ್ಲಿ ತಡೆದೇ ಎಂದು 1986ರಲ್ಲಿ ಬೆಂಟ್ಲಿ ಮತ್ತು ಗ್ರೌಡೀನ್ ತೋರಿಸಿದ್ದರು. ಇನ್ನು ಕ್ಷಯರೋಗಿಗಳು ನುಂಗುವ, ಮೂತ್ರವನ್ನು ಕೆಂಪಾಗಿಸುವ ರಿಫಾಂಪಿಸಿನ್ ಮಾತ್ರೆ ನಿಮಗೆ ಗೊತ್ತಿರಬಹುದು. ಅದು ಬ್ಯಾಕ್ಟೀರಿಯಾದ ಪಾಲಿಮರೇಸಿನೊಳಗೆ ಆರ್.ಎನ್.ಎ. ಹೊರಬರುವ ದಾರಿಗೇ ಅಡ್ಡ ಕೂರುತ್ತದೆ. ಎರಡು ಮೂರು ಅಕ್ಷರಗಳಾಗುವಷ್ಟರಲ್ಲಿ ಕೆಲಸ ನಿಲ್ಲುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಅವರು ಕ್ಷಯದ ಬ್ಯಾಕ್ಟೀರಿಯಾದ ಪ್ರತಿಲೇಖನವನ್ನೂ, ಹೈದರಾಬಾದಿನಲ್ಲಿ ರಂಜನ್ ಸೇನ್ ಅವರು ‘ರೋ’ ಪ್ರೋಟೀನನ್ನೂ ಕುರಿತು ಬಹಳ ಕೆಲಸ ಮಾಡಿದ್ದಾರೆ.

ಇಷ್ಟಾದರೂ ಇದು ಒಂದೆರಡು ವಂಶವಾಹಿಗಳ ವಿಶೇಷವೆಂದೇ ಹಲವರು ತಿಳಿದಿದ್ದರು. 2007ರಲ್ಲಿ ಹಣ್ಣುನೊಣದ ಎಲ್ಲ ವಂಶವಾಹಿಗಳನ್ನೂ ಒಟ್ಟಿಗೆ ಪರಿಶೀಲಿಸಿದಾಗ ನೂರಾರು ಕಡೆ ಪಾಲಿಮರೇಸು ಹೀಗೆ ಕಾಯುತ್ತ ನಿಂತದ್ದು ಕಂಡಿತು. ಮರುವರ್ಷ ಲಿಸ್ ಅವರ ತಂಡ ಮಾನವ ಜೀವಕೋಶಗಳಲ್ಲಿ ನೋಡಿದಾಗ ಸುಮಾರು ಶೇಕಡ 30ರಷ್ಟು ವಂಶವಾಹಿಗಳಲ್ಲಿ ಇದೇ ಸ್ಥಿತಿ. ಬೆಳೆಯುವ ಭ್ರೂಣದಲ್ಲಿ ಅಕ್ಕಪಕ್ಕದ ಕೋಶಗಳೆಲ್ಲ ಒಂದೇ ವೇಳೆಗೆ ಒಂದೇ ಕೆಲಸ ಆರಂಭಿಸಬೇಕಾದಾಗ ಹೀಗೆ ಸಿದ್ಧವಾಗಿ ನಿಂತಿರುವುದು ಅನುಕೂಲ. ಆದರೆ ನಿಂತವೆಲ್ಲ ಹೊರಡುತ್ತವೆ ಎಂದೇನೂ ಇಲ್ಲ, ಎಷ್ಟೋ ಅಲ್ಲಿಂದಲೇ ಕಳಚಿಕೊಂಡು ಹೋಗುತ್ತವೆ.

ಹೊರಟ ಮೇಲಿನ ದಾರಿಯೂ ಚಿಕ್ಕದಲ್ಲ. ನಮ್ಮ ಸ್ನಾಯುಗಳಿಗೆ ಬೇಕಾದ ಡಿಸ್ಟ್ರೋಫಿನ್ ಎಂಬ ಪ್ರೋಟೀನಿನ ವಂಶವಾಹಿ 20 ಲಕ್ಷಕ್ಕೂ ಹೆಚ್ಚು ಅಕ್ಷರಗಳಷ್ಟು ಉದ್ದವಿದೆ. ಅದರ ಒಂದು ನಕಲಿಗೆ 16 ಗಂಟೆ ಹಿಡಿಯುತ್ತದೆಂದು 1995ರಲ್ಲಿ ಅಳೆದರು. ಭಾಗಿಸಿ ನೋಡಿ, ನಿಮಿಷಕ್ಕೆ ಎರಡು ಸಾವಿರಕ್ಕೂ ಮಿಕ್ಕಿ ಅಕ್ಷರಗಳು. (ಲೆಕ್ಕ ಮಾಡದೆ ಮುಂದೆ ಓದುವವರು ಯಾರೆಂದು ನನಗೆ ಈಗಲೂ ಗೊತ್ತು!) ಬೆಳಿಗ್ಗೆ ಆರಕ್ಕೆ ಹೊರಟ ಪಾಲಿಮರೇಸು ರಾತ್ರಿ ಹತ್ತಕ್ಕೆ ಕೊನೆಭಾಗವನ್ನು ಮುಟ್ಟುತ್ತದೆ. ನಡುವೆ ಎಲ್ಲಿ ಬಿದ್ದುಹೋದರೂ ಅಷ್ಟು ಹೊತ್ತಿನ ಶ್ರಮ ವ್ಯರ್ಥ.

ಕೊನೆಭಾಗದ ಊರಿನ ಆ ಹುಡುಗಿಗೆ ಇದನ್ನೆಲ್ಲ ಹೇಳಬೇಕಾಗಿತ್ತು. ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ಅವಳು ಮುಂದೆ ಓದಿದಳೋ ಇಲ್ಲವೋ ನನಗೆ ತಿಳಿಯದು. ಮದುವೆಯಾಗಿ ದಾವಣಗೆರೆಯ ಕಡೆ ಹೋದಳೆಂದು ಯಾರೋ ಹೇಳಿದ್ದ ನೆನಪು. ಹೆಸರನ್ನು ಇಲ್ಲಿ ಬರೆಯುವುದು ಸರಿಯಲ್ಲ. ಆದರೆ 1988–89ರ ಹತ್ತನೆಯ ತರಗತಿಯವರಿಗೆ ಯಾರೆಂದು ಈಗಾಗಲೇ ಗೊತ್ತಾಗಿರುತ್ತದೆ. ಅಂದು ನಕ್ಕವರೂ ನೀವೇ. ನಿಮ್ಮಲ್ಲಿ ಯಾರಿಗಾದರೂ ಅವಳ ಸಂಪರ್ಕವಿದ್ದರೆ ದಯವಿಟ್ಟು ಇದನ್ನು ತಲುಪಿಸಿ. ಅವಳು ಓದಲು ಬಿಡುವಿಲ್ಲ ಎಂದರೆ, ಅಂದಿನ ಪ್ರಶ್ನೆಗೆ ಉತ್ತರ “ಹೌದಮ್ಮ, ಅಲ್ಲಿಯೂ ನಡುವೆ ನಿಲ್ಲುತ್ತದೆ” ಎಂದು ಮೇಷ್ಟ್ರು ಹೇಳಿದರೆಂದು ತಿಳಿಸಿದರೂ ಸಾಕು.